ಹದಿಮೂರು ಸಾವಿರ ಜರ್ನಲ್, ಒಂದು ಲಾಗಿನ್

2025ರಲ್ಲಿ ಎಂಟು ತಿಂಗಳೊಳಗೆ ಮೂರು ಸಂಗತಿಗಳು ನಡೆದವು. ಜನವರಿ 1ರಂದು ಕೇಂದ್ರ ಸರ್ಕಾರದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆ ಶುರುವಾಗಿ, ಸುಮಾರು 13,000 ಜರ್ನಲ್‌ಗಳು (ಸಂಶೋಧನಾ ಪ್ರಬಂಧಗಳ ಪತ್ರಿಕೆಗಳು) ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸಿಕ್ಕವು. ಫೆಬ್ರುವರಿಯಲ್ಲಿ ಯುಜಿಸಿ ತನ್ನ ‘ಕೇರ್’ ಜರ್ನಲ್ ಪಟ್ಟಿಯನ್ನು ಕೈಬಿಟ್ಟಿರುವುದಾಗಿ ತಿಳಿಸಿತು. ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟ್, ಚಂದಾ ಕಟ್ಟಬೇಕಾದ ಪ್ರಬಂಧಗಳನ್ನು ಪ್ರಕಾಶಕರ ಅನುಮತಿ ಇಲ್ಲದೆ ಉಚಿತವಾಗಿ ಕೊಡುವ ‘ಸೈ-ಹಬ್’ ತಾಣವನ್ನು ದೇಶದಲ್ಲಿ ತಡೆಹಿಡಿಯುವಂತೆ ಆದೇಶ ಕೊಟ್ಟಿತು.

ಮೂರಕ್ಕೂ ಬೇರೆ ಬೇರೆ ಹಿನ್ನೆಲೆ ಇದೆ. ಆದರೆ ಪರಿಣಾಮ ಬಂದು ನಿಲ್ಲುವುದು ಒಬ್ಬರ ಮೇಲೆಯೇ. ಎಂಎಸ್ಸಿ ಪ್ರಾಜೆಕ್ಟಿಗೆ ಕುಳಿತ ಹುಡುಗಿ, ಪಿಎಚ್‌ಡಿಯ ಮೊದಲ ವರ್ಷದಲ್ಲಿರುವ ಹುಡುಗ, ಹಳ್ಳಿಯ ಪದವಿ ಕಾಲೇಜಿನಲ್ಲಿ ಪಾಠದ ನಡುವೆ ಸಂಶೋಧನೆಯನ್ನೂ ಉಳಿಸಿಕೊಂಡಿರುವ ಅಧ್ಯಾಪಕರು. ಅವರ ಮುಂದಿರುವ ಪ್ರಬಂಧಗಳ ರಾಶಿ ಹಿಂದೆಂದಿಗಿಂತ ದೊಡ್ಡದು. ಯಾವ ಜರ್ನಲ್ ನಂಬಬಹುದು ಎಂದು ಹೇಳುತ್ತಿದ್ದ ಸರ್ಕಾರಿ ಪಟ್ಟಿ ಈಗಿಲ್ಲ. ಎಲ್ಲರೂ ಸದ್ದಿಲ್ಲದೆ ಬಳಸುತ್ತಿದ್ದ ಒಳದಾರಿಯೂ ಮುಚ್ಚಿದೆ. ಹುಡುಕುವ, ಪಡೆಯುವ, ಜರಡಿ ಹಿಡಿಯುವ ಮೂರೂ ಕೆಲಸಗಳು ಈಗ ಓದುವವರ ಹೆಗಲಿಗೇ ಬಂದಿವೆ. ಇದನ್ನು ಕಲಿಸಲು ನಾವು ಕೊಡುತ್ತಿರುವ ಸಮಯವಂತೂ ಬಹಳ ಕಡಿಮೆ. ಯುಜಿಸಿ 2019ರ ಡಿಸೆಂಬರ್‌ನಲ್ಲಿ ಕಡ್ಡಾಯ ಮಾಡಿದ ‘ಸಂಶೋಧನೆ ಮತ್ತು ಪ್ರಕಟಣೆಯ ನೀತಿ’ ಕೋರ್ಸಿಗೆ 2 ಕ್ರೆಡಿಟ್, ಅಂದರೆ 30 ಗಂಟೆ. ಅದರಲ್ಲಿ ಡೇಟಾಬೇಸ್‌ಗಳಿಗೆ ಮೀಸಲು ನಾಲ್ಕು ಗಂಟೆ. ಅದೂ ಪಿಎಚ್‌ಡಿಗೆ ಸೇರಿದವರಿಗೆ ಮಾತ್ರ.

ಯಾರು ಒಳಗೆ, ಯಾರು ಹೊರಗೆ

ಯೋಜನೆಯ ಲೆಕ್ಕ ಹೀಗಿದೆ. 2024ರ ನವೆಂಬರ್ 25ರಂದು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2025, 2026, 2027 ಈ ಮೂರು ವರ್ಷಗಳಿಗೆ, ಒಟ್ಟು 6,000 ಕೋಟಿ ರೂಪಾಯಿಗೆ. 30 ಪ್ರಕಾಶಕರು, 6,300ಕ್ಕೂ ಹೆಚ್ಚು ಸಂಸ್ಥೆಗಳು, ಸುಮಾರು 1.8 ಕೋಟಿ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರು. ಭಾಗಿಸಿದರೆ ತಲೆಗೆ ವರ್ಷಕ್ಕೆ ಸುಮಾರು 1,100 ರೂಪಾಯಿ. ಒಂದೇ ಒಂದು ಪ್ರಬಂಧವನ್ನು ಪ್ರಕಾಶಕರ ತಾಣದಲ್ಲಿ ಬಿಡಿಯಾಗಿ ಕೊಳ್ಳಲು ಹೋದರೆ ಎಷ್ಟೋ ಸಲ 30-40 ಡಾಲರ್ ಕೇಳುತ್ತಾರೆ ಎಂಬುದನ್ನು ನೆನೆದರೆ ಈ ಮೊತ್ತದ ಅರ್ಥ ತಿಳಿಯುತ್ತದೆ. ಎಲ್ಸೆವಿಯರ್, ಸ್ಪ್ರಿಂಗರ್ ನೇಚರ್, ವೈಲಿ, ಟೇಲರ್ ಆ್ಯಂಡ್ ಫ್ರಾನ್ಸಿಸ್, ಐಇಇಇ, ಆಕ್ಸ್‌ಫರ್ಡ್, ಕೇಂಬ್ರಿಜ್, ಬಿಎಂಜೆ ಮುಂತಾದ ದೊಡ್ಡ ಹೆಸರುಗಳೆಲ್ಲ ಇದರಲ್ಲಿವೆ. ನಿರ್ವಹಣೆ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ್ದು.

ಹಿಂದೆ ಈ ಚಂದಾ ಹಣವನ್ನು ಬೇರೆ ಬೇರೆ ಸಚಿವಾಲಯಗಳ ಕೂಟಗಳು ಮತ್ತು ಒಂದೊಂದು ಸಂಸ್ಥೆಯೂ ಪ್ರತ್ಯೇಕವಾಗಿ ಕಟ್ಟುತ್ತಿದ್ದವು. ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆ ಸಿಗುತ್ತಿದ್ದ ಜರ್ನಲ್ ಕಲ್ಯಾಣ ಕರ್ನಾಟಕದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಕನಸಾಗಿತ್ತು. ಈಗ ಕಾಗದದ ಮೇಲೆ ಇಬ್ಬರಿಗೂ ಒಂದೇ ಕಪಾಟು. ಇದು ನಿಜವಾಗಿಯೂ ದೊಡ್ಡ ಬದಲಾವಣೆ, ಅದನ್ನು ಮನಸಾರೆ ಸ್ವಾಗತಿಸಬೇಕು.

ಆದರೆ ಮೊದಲ ಹಂತ ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಸಂಸ್ಥೆಗಳಿಗೆ ಸೀಮಿತ. ಕರ್ನಾಟಕದ ಮಟ್ಟಿಗೆ ಈ ಗೆರೆ ತುಂಬ ಜನರನ್ನು ಹೊರಗಿಡುತ್ತದೆ, ಏಕೆಂದರೆ ನಮ್ಮ ಎಂಜಿನಿಯರಿಂಗ್, ವೈದ್ಯಕೀಯ, ಫಾರ್ಮಸಿ ಕಾಲೇಜುಗಳಲ್ಲಿ ಬಹುಪಾಲು ಖಾಸಗಿ. ಅವರಿಗೆ ಇರುವ ಆಸರೆ ತಮ್ಮ ವಿಶ್ವವಿದ್ಯಾಲಯದ ಕೂಟಗಳು. ವಿಟಿಯು ಸಂಯೋಜಿತ ಕಾಲೇಜುಗಳಿಗೆ ವಿಟಿಯು ಕನ್ಸಾರ್ಷಿಯಂ ಇದೆ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜುಗಳಿಗೆ ಹೆಲಿನೆಟ್ ಇದೆ. ಅವುಗಳಲ್ಲಿ ಸಿಗುವ ಜರ್ನಲ್‌ಗಳ ಹರವು ರಾಷ್ಟ್ರೀಯ ಯೋಜನೆಗೆ ಸಮವಲ್ಲ. ಒಂದೇ ಊರಿನಲ್ಲಿ, ಒಂದೇ ವಿಷಯದ ಮೇಲೆ ಕೆಲಸ ಮಾಡುವ ಇಬ್ಬರು ಸಂಶೋಧನಾ ವಿದ್ಯಾರ್ಥಿಗಳಲ್ಲಿ ಒಬ್ಬರಿಗೆ ಎಲ್ಲವೂ ತೆರೆದು, ಇನ್ನೊಬ್ಬರಿಗೆ ಸಾರಾಂಶ ಮಾತ್ರ ಕಾಣುವುದು ಯಾವ ನ್ಯಾಯದಿಂದಲೂ ಸರಿಯಲ್ಲ. ಇಬ್ಬರ ಕುಟುಂಬವೂ ತೆರಿಗೆ ಕಟ್ಟುತ್ತದೆ.

ಒಳಗಿರುವವರಿಗೂ ಬಾಗಿಲು ತೆರೆಯದೇ ಇರಲು ಕಾರಣಗಳು

ಸರ್ಕಾರಿ ಕಾಲೇಜಿನಲ್ಲಿದ್ದೂ ‘ನಮಗೆ ಬರ್ತಿಲ್ಲ’ ಎನ್ನುವವರು ಬಹಳ. ಕಾರಣಗಳನ್ನು ಒಂದೊಂದಾಗಿ ನೋಡಿದರೆ ಹೆಚ್ಚಿನವು ಅರ್ಧ ದಿನದಲ್ಲಿ ಸರಿಹೋಗುವಂಥವು.

ಮೊದಲನೆಯದು, ಕಾಲೇಜು ನೋಂದಣಿಯಾಗಿದೆಯೇ, ಅದಕ್ಕೊಬ್ಬ ನೋಡಲ್ ಅಧಿಕಾರಿ ಇದ್ದಾರೆಯೇ ಎಂಬುದು. ಸಾಮಾನ್ಯವಾಗಿ ಗ್ರಂಥಪಾಲಕರೇ ಆ ಅಧಿಕಾರಿ. ಗ್ರಂಥಪಾಲಕರ ಹುದ್ದೆ ಖಾಲಿ ಇರುವ ಕಡೆ ಈ ಹೊಣೆ ಯಾರ ಮೇಜಿನ ಮೇಲೂ ಇರುವುದಿಲ್ಲ.

ಎರಡನೆಯದು ಐಪಿ ವಿಳಾಸ, ಅಂದರೆ ಇಂಟರ್ನೆಟ್ ಸಂಪರ್ಕದ ಗುರುತು ಸಂಖ್ಯೆ. ಕ್ಯಾಂಪಸ್ಸಿನೊಳಗೆ ಪ್ರಕಾಶಕರ ತಾಣ ನಿಮ್ಮನ್ನು ಗುರುತಿಸುವುದು ಕಾಲೇಜಿನ ಸ್ಥಿರ ಐಪಿ ವಿಳಾಸದಿಂದ. ಆಡಳಿತ ಕಚೇರಿಗೆ ಒಂದು ಇಂಟರ್ನೆಟ್ ಲೈನು, ಲ್ಯಾಬಿಗೆ ಇನ್ನೊಂದು ಇದ್ದು, ಒಂದರ ವಿಳಾಸ ಮಾತ್ರ ನೋಂದಣಿಯಾಗಿದ್ದರೆ ಒಂದೇ ಕಟ್ಟಡದ ಕೆಳಮಹಡಿಯಲ್ಲಿ ಪ್ರಬಂಧ ತೆರೆಯುತ್ತದೆ, ಮೇಲ್ಮಹಡಿಯಲ್ಲಿ ಇಲ್ಲ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಕೂತರೆ ಹೇಗೂ ಇಲ್ಲ.

ಮೂರನೆಯದು ಮನೆಯಿಂದ ಓದುವುದು. ಇದಕ್ಕೆ ಇನ್‌ಫ್ಲಿಬ್‌ನೆಟ್ ನಡೆಸುವ ‘ಇನ್‌ಫೆಡ್’ ಎಂಬ ಗುರುತು ವ್ಯವಸ್ಥೆ ಇದೆ. ನಿಮ್ಮ ಖಾತೆಯನ್ನು ಕಾಲೇಜಿನವರೇ ತೆರೆದುಕೊಡಬೇಕು. ಖಾತೆ ಬಂದ ಮೇಲೆ ಪ್ರಕಾಶಕರ ಪುಟದಲ್ಲಿ ‘ಸಂಸ್ಥೆಯ ಮೂಲಕ ಪ್ರವೇಶ’ ಎಂಬರ್ಥದ ಗುಂಡಿ ಒತ್ತಿ, ಇನ್‌ಫೆಡ್ ಆಯ್ದು, ಸಂಸ್ಥೆಯ ಹೆಸರು ಹುಡುಕಿ, ಆ ಖಾತೆಯ ಪಾಸ್‌ವರ್ಡ್ ಕೊಡಬೇಕು. ಬಹಳ ಜನ ಇಲ್ಲಿ ಎಡವುವುದು ಪ್ರಕಾಶಕರ ತಾಣದ ಸ್ವಂತ ‘ಸೈನ್ ಇನ್’ನಲ್ಲಿ. ಅಲ್ಲಿ ಜಿಮೇಲ್ ಕೊಟ್ಟು ಖಾತೆ ಮಾಡಿಕೊಂಡರೆ ಅದು ವೈಯಕ್ತಿಕ ಖಾತೆಯಷ್ಟೆ, ಅದಕ್ಕೂ ಚಂದಾಕ್ಕೂ ಸಂಬಂಧವಿಲ್ಲ. ಹೆಸರು ಹುಡುಕುವಾಗಲೂ ಎಚ್ಚರ ಬೇಕು: ‘ಗವರ್ನಮೆಂಟ್ ಫಸ್ಟ್ ಗ್ರೇಡ್ ಕಾಲೇಜ್’ ಎಂಬ ಹೆಸರು ರಾಜ್ಯದ ಊರೂರಲ್ಲೂ ಇರುವುದರಿಂದ ಊರಿನ ಹೆಸರಿನಿಂದ ಹುಡುಕುವುದು ಲೇಸು.

ಇನ್ನೊಂದು ತೊಂದರೆ ಒಬ್ಬರು ಮಾಡಿ ಎಲ್ಲರೂ ಅನುಭವಿಸುವಂಥದ್ದು. ಯಾರೋ ಒಬ್ಬರು ತಂತ್ರಾಂಶ ಹಾಕಿ ಒಂದು ಜರ್ನಲ್ಲಿನ ಹತ್ತು ವರ್ಷದ ಸಂಚಿಕೆಗಳನ್ನೆಲ್ಲ ಒಟ್ಟಿಗೆ ಇಳಿಸಿಕೊಳ್ಳಲು ಹೊರಟರೆ ಪ್ರಕಾಶಕರ ಯಂತ್ರ ಅದನ್ನು ದುರ್ಬಳಕೆ ಎಂದು ತಿಳಿದು ಇಡೀ ಕ್ಯಾಂಪಸ್ಸಿನ ವಿಳಾಸಕ್ಕೇ ತಡೆ ಹಾಕುತ್ತದೆ. ತಡೆ ತೆಗೆಸಲು ಪತ್ರ ವ್ಯವಹಾರ ಬೇಕು. ಪ್ರಬಂಧ ಸಲ್ಲಿಸುವ ವಾರದಲ್ಲಿ ಹೀಗಾದರೆ ಗತಿ ಏನು ಎಂದು ಲ್ಯಾಬಿನ ಹಿರಿಯರು ಹೊಸಬರಿಗೆ ಮೊದಲ ದಿನವೇ ಹೇಳಬೇಕು.

ಮತ್ತೊಂದು ಮಾತು: ಇದು ಜರ್ನಲ್‌ಗಳ ಚಂದಾ. ಸ್ಕೋಪಸ್, ವೆಬ್ ಆಫ್ ಸೈನ್ಸ್‌ನಂಥ ಸೂಚಿ ಡೇಟಾಬೇಸ್‌ಗಳನ್ನು ವಿಶ್ವವಿದ್ಯಾಲಯಗಳು ಬೇರೆಯಾಗಿ ಕೊಳ್ಳುತ್ತವೆ. ಜರ್ನಲ್ ಎಂದರೆ ಪ್ರಬಂಧ ಇರುವ ಜಾಗ, ಸೂಚಿ ಎಂದರೆ ಯಾವ ಪ್ರಬಂಧ ಎಲ್ಲಿದೆ, ಅದನ್ನು ಯಾರು ಉಲ್ಲೇಖಿಸಿದ್ದಾರೆ ಎಂದು ತೋರಿಸುವ ಜಾಗ. ಎಲ್ಸೆವಿಯರ್‌ನ ತಾಣವಾದ ಸೈನ್ಸ್‌ಡೈರೆಕ್ಟ್‌ನಲ್ಲಿ ಮಾತ್ರ ಹುಡುಕಿ ‘ಈ ವಿಷಯದಲ್ಲಿ ಕೆಲಸವೇ ಆಗಿಲ್ಲ’ ಎಂದು ಬರೆಯುವವರಿದ್ದಾರೆ. ಅವರು ನೋಡಿದ್ದು ಒಬ್ಬ ಪ್ರಕಾಶಕರ ಗೋದಾಮನ್ನು ಮಾತ್ರ.

ಹುಡುಕುವ ಕೆಲಸ: ಮಂಗನ ಕಾಯಿಲೆಯನ್ನೇ ತೆಗೆದುಕೊಳ್ಳಿ

1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಕಾಯಿಲೆ ಇದು. ಇದರ ಬಗ್ಗೆ ಪಬ್‌ಮೆಡ್‌ನಲ್ಲಿ ಹುಡುಕಬೇಕು ಎಂದುಕೊಳ್ಳಿ. ಪಬ್‌ಮೆಡ್ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ನಡೆಸುವ ಉಚಿತ ಡೇಟಾಬೇಸ್. ಅದಕ್ಕೆ ಲಾಗಿನ್ ಬೇಡ, ಚಂದಾ ಬೇಡ, ಯಾವ ಕಾಲೇಜಿನ ಗುರುತೂ ಬೇಡ.

ಇಂಗ್ಲಿಷಿನಲ್ಲಿ ‘ಮಂಕಿ ಫೀವರ್’ ಎಂದು ಹಾಗೇ ಟೈಪಿಸಿದರೆ ‘ಮಂಗ’ ಬೇರೆ, ‘ಜ್ವರ’ ಬೇರೆ ಎಂದು ಯಂತ್ರ ಬಿಡಿಸಿಕೊಳ್ಳುವ ಅಪಾಯವಿದೆ. ಆಗ ಮಂಗಗಳ ಮೇಲೆ ಪ್ರಯೋಗ ಮಾಡಿದ ಬೇರೆ ಬೇರೆ ಜ್ವರಗಳ ಪ್ರಬಂಧಗಳೂ ಬಂದು ಬೀಳುತ್ತವೆ. ಯಂತ್ರ ನಿಮ್ಮ ಮಾತನ್ನು ಹೇಗೆ ಅರ್ಥ ಮಾಡಿಕೊಂಡಿತು ಎಂಬುದು ‘ಅಡ್ವಾನ್ಸ್ಡ್’ ಪುಟದ ಹಿಸ್ಟರಿಯಲ್ಲಿ, ‘ಡೀಟೇಲ್ಸ್’ ಕೆಳಗೆ ಕಾಣುತ್ತದೆ. ಪ್ರತಿ ಹುಡುಕಾಟದ ನಂತರ ಅದನ್ನು ತೆರೆದು ನೋಡುವ ಅಭ್ಯಾಸ ಒಂದೇ ಸಾಕು, ಅರ್ಧ ತಪ್ಪುಗಳು ಅಲ್ಲೇ ಸಿಗುತ್ತವೆ.

ಪಬ್‌ಮೆಡ್‌ನಲ್ಲಿ ವಿಷಯಗಳಿಗೆ ‘ಮೆಶ್’ ಎಂಬ ಗೊತ್ತುಪಡಿಸಿದ ಹೆಸರುಗಳಿವೆ. ಲೇಖಕರು ಏನೇ ಕರೆದಿರಲಿ, ಸೂಚಿ ಮಾಡುವಾಗ ಪ್ರಬಂಧಕ್ಕೆ ಆ ಹೆಸರು ಅಂಟುತ್ತದೆ. ನಮ್ಮ ಕಾಯಿಲೆಗೆ ಅಲ್ಲಿರುವ ಹೆಸರು ‘ಕ್ಯಾಸನೂರ್ ಫಾರೆಸ್ಟ್ ಡಿಸೀಸ್’. ಅದನ್ನು ಮೆಶ್ ಪದವಾಗಿ ಹಾಕಿದರೆ ಶುದ್ಧವಾದ ಪಟ್ಟಿ ಬರುತ್ತದೆ. ಆದರೆ ಅದೊಂದೇ ಸಾಲದು, ಪಬ್‌ಮೆಡ್‌ನಲ್ಲಿರುವ ಎಲ್ಲ ದಾಖಲೆಗಳಿಗೂ ಮೆಶ್ ಹೆಸರು ಅಂಟಿರುವುದಿಲ್ಲ. ಆದ್ದರಿಂದ ಶೀರ್ಷಿಕೆ ಮತ್ತು ಸಾರಾಂಶದಲ್ಲಿ ‘ಕ್ಯಾಸನೂರ್ ಫಾರೆಸ್ಟ್’ ಇರುವುದನ್ನೂ ‘ಆರ್’ (OR, ಇದು ಅಥವಾ ಅದು) ಹಾಕಿ ಸೇರಿಸಬೇಕು.

ಇಲ್ಲಿ ಎಲ್ಲರೂ ಬೀಳುವ ಗುಂಡಿಯೊಂದಿದೆ. ಕೆಲಸ ಹಗುರವಾಗಲಿ ಎಂದು ‘ಕೆಎಫ್‌ಡಿ’ ಎಂಬ ಸಂಕ್ಷಿಪ್ತ ರೂಪ ಸೇರಿಸಿದರೆ ದುಗ್ಧಗ್ರಂಥಿಗಳು ಊದಿಕೊಳ್ಳುವ ಕಿಕುಚಿ-ಫುಜಿಮೊಟೊ ಕಾಯಿಲೆಯ ಪ್ರಬಂಧಗಳು ದಂಡಿಯಾಗಿ ಬರುತ್ತವೆ, ಅದರ ಸಂಕ್ಷಿಪ್ತ ರೂಪವೂ ಕೆಎಫ್‌ಡಿಯೇ. ಉಣ್ಣೆ (ಈ ಕಾಯಿಲೆ ಹರಡುವ ರಕ್ತ ಹೀರುವ ಹುಳು, ಇಂಗ್ಲಿಷಿನ ‘ಟಿಕ್’), ಕರ್ನಾಟಕ, ವೈರಸ್ ಇಂಥ ಒಂದು ಪದದ ಜತೆ ‘ಆ್ಯಂಡ್’ (AND, ಎರಡೂ ಇರಬೇಕು) ಹಾಕಿ ಕಟ್ಟಿದರೆ ಮಾತ್ರ ಅದನ್ನು ಬಳಸಬಹುದು. ವೈರಸ್ಸಿನ ಹೆಸರಾದ ‘ಕೆಎಫ್‌ಡಿವಿ’ಯಲ್ಲಿ ಈ ಗೋಜು ಕಡಿಮೆ. ‘ನಾಟ್’ (NOT, ಇದು ಬೇಡ) ಹಾಕಿ ಕಿಕುಚಿಯನ್ನು ಹೊರಗಟ್ಟುವುದು ಸುಲಭ ಅನ್ನಿಸುತ್ತದೆ, ಆದರೆ ಎರಡೂ ಕಾಯಿಲೆಗಳನ್ನು ಹೋಲಿಸಿದ ಪ್ರಬಂಧವೊಂದಿದ್ದರೆ ಅದೂ ಹೋಗಿಬಿಡುತ್ತದೆ. ‘ನಾಟ್’ ಬಳಸುವುದು ಕೊನೆಯ ಉಪಾಯ.

ಹೆಸರುಗಳು ಬದಲಾಗುತ್ತವೆ ಎಂಬುದನ್ನೂ ನೆನಪಿಡಬೇಕು. ಈ ವೈರಸ್ ಸೇರಿದ ಕುಲವನ್ನು ದಶಕಗಳ ಕಾಲ ‘ಫ್ಲೇವಿವೈರಸ್’ ಎನ್ನುತ್ತಿದ್ದರು, ಈಗ ‘ಆರ್ಥೋಫ್ಲೇವಿವೈರಸ್’. ಹಳೆಯ ಪದದಲ್ಲಿ ಮಾತ್ರ ಹುಡುಕಿದರೆ ಹೊಸದು ತಪ್ಪುತ್ತದೆ, ಹೊಸದರಲ್ಲಿ ಮಾತ್ರ ಹುಡುಕಿದರೆ ಚರಿತ್ರೆಯೇ ತಪ್ಪುತ್ತದೆ. ಚರಿತ್ರೆಗೆ ಇನ್ನೊಂದು ತೊಡಕೂ ಇದೆ. 1975ಕ್ಕಿಂತ ಹಿಂದಿನ ಬಹುತೇಕ ದಾಖಲೆಗಳಿಗೆ ಪಬ್‌ಮೆಡ್‌ನಲ್ಲಿ ಸಾರಾಂಶ ಇಲ್ಲ, ಶೀರ್ಷಿಕೆ ಮಾತ್ರ. ಈ ಕಾಯಿಲೆಯ ಮೂಲ ಕೆಲಸ ನಡೆದದ್ದೇ 1957ರಿಂದ ಎಪ್ಪತ್ತರ ದಶಕದವರೆಗೆ. ಉಣ್ಣೆಯ ಜಾತಿಯ ಹೆಸರು ‘ಹೀಮಾಫೈಸಾಲಿಸ್ ಸ್ಪಿನಿಜೆರಾ’ ಶೀರ್ಷಿಕೆಯಲ್ಲೇ ಇದ್ದರೆ ಸಿಗುತ್ತದೆ, ಪ್ರಬಂಧದ ಒಳಗಿದ್ದರೆ ಇಲ್ಲ. ಆ ಕಾಲದ್ದನ್ನು ಹಿಡಿಯಲು ಹೊಸ ವಿಮರ್ಶಾ ಪ್ರಬಂಧವೊಂದರ ಉಲ್ಲೇಖ ಪಟ್ಟಿಯನ್ನು ಹಿಡಿದು ಹಿಂದಕ್ಕೆ ನಡೆಯುವುದೇ ದಾರಿ. ಮುಂದಕ್ಕೆ ನಡೆಯಲು, ಆ ಪ್ರಬಂಧವನ್ನು ಆಮೇಲೆ ಯಾರು ಉಲ್ಲೇಖಿಸಿದರು ಎಂದು ತೋರಿಸುವ ‘ಸೈಟೆಡ್ ಬೈ’ ಇದೆ.

ಎಡಬದಿಯ ‘ಫ್ರೀ ಫುಲ್ ಟೆಕ್ಸ್ಟ್’ ಗುರುತಿಗೆ ಟಿಕ್ ಹಾಕಿ ಹುಡುಕುವ ಅಭ್ಯಾಸ ಬಿಡಬೇಕು. ನಿಮ್ಮ ಕಾಲೇಜಿನ ಲಾಗಿನ್ನಿನಲ್ಲಿ ತೆರೆಯಬಹುದಾದ ಎಷ್ಟೋ ಪ್ರಬಂಧಗಳು ಆ ಟಿಕ್ಕಿನಿಂದ ಮರೆಯಾಗುತ್ತವೆ. ಮೊದಲು ಎಲ್ಲವನ್ನೂ ನೋಡಿ ಆಯ್ದುಕೊಳ್ಳಿ, ಪಡೆಯುವ ಚಿಂತೆ ಆಮೇಲೆ. ಕೊನೆಯಲ್ಲಿ ನೋಟ್‌ಬುಕ್ಕಿನಲ್ಲಿ ನಾಲ್ಕು ಸಂಗತಿ ಬರೆದಿಡಿ: ದಿನಾಂಕ, ಡೇಟಾಬೇಸ್, ಹುಡುಕಿದ ಪೂರ್ತಿ ಸಾಲು, ಬಂದ ಫಲಿತಾಂಶಗಳ ಸಂಖ್ಯೆ. ಆರು ತಿಂಗಳ ಮೇಲೆ ಗೈಡ್ ‘ಇದನ್ನು ಹೇಗೆ ಹುಡುಕಿದಿರಿ’ ಎಂದು ಕೇಳಿದಾಗ ಆ ಪುಟ ಕೈ ಹಿಡಿಯುತ್ತದೆ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ತಾಂತ್ರಿಕ ಪದದ ಇಂಗ್ಲಿಷ್ ಹೆಸರೇ ಹೊಳೆಯದಿರುವುದುಂಟು. ಕನ್ನಡ ವಿಕಿಪೀಡಿಯದಲ್ಲಿ ವಿಷಯದ ಪುಟ ತೆರೆದು ಭಾಷೆಗಳ ಪಟ್ಟಿಯಿಂದ ಇಂಗ್ಲಿಷ್ ಪುಟಕ್ಕೆ ದಾಟಿದರೆ ವೈಜ್ಞಾನಿಕ ಹೆಸರು, ಪರ್ಯಾಯ ಹೆಸರುಗಳು ಎರಡೂ ಸಿಗುತ್ತವೆ. ರಾಗಿಯ ಮೇಲೆ ಕೆಲಸ ಮಾಡುವವರು ‘ರಾಗಿ’, ‘ಫಿಂಗರ್ ಮಿಲೆಟ್’, ‘ಎಲ್ಯುಸಿನ್ ಕೊರಕಾನ’ ಮೂರನ್ನೂ ‘ಆರ್’ ಹಾಕಿ ಹುಡುಕದಿದ್ದರೆ ಅರ್ಧ ಕಣಜ ಹೊರಗೇ ಉಳಿಯುತ್ತದೆ.

ಎಲ್ಲ ವಿಷಯಕ್ಕೂ ಪಬ್‌ಮೆಡ್ ಆಗುವುದಿಲ್ಲ. ಭೌತಶಾಸ್ತ್ರ, ಗಣಿತದವರಿಗೆ 1991ರಿಂದ ನಡೆದಿರುವ ಆರ್‌ಕೈವ್ ಇದೆ. ಖಗೋಳದವರಿಗೆ ನಾಸಾದ ಎಡಿಎಸ್, ಗಣಿತಕ್ಕೆ 2021ರಿಂದ ಎಲ್ಲರಿಗೂ ಮುಕ್ತವಾದ ಝಡ್‌ಬಿಮ್ಯಾತ್, ರಾಸಾಯನಿಕಗಳ ಗುಣಗಳಿಗೆ ಪಬ್‌ಕೆಮ್, ಕೃಷಿಗೆ ಎಫ್‌ಎಒ ನಡೆಸುವ ಆ್ಯಗ್ರಿಸ್. ಸ್ಕೋಪಸ್ ಇಲ್ಲದವರಿಗೆ 2022ರಲ್ಲಿ ಬಂದ ಓಪನ್‌ಅಲೆಕ್ಸ್ ಎಂಬ ಉಚಿತ ಸೂಚಿ ಒಳ್ಳೆಯ ಬದಲಿ. ಭಾರತದ ಪಿಎಚ್‌ಡಿ ಪ್ರಬಂಧಗಳಿಗೆ ಶೋಧಗಂಗಾ, ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳಿಗೆ ಕೃಷಿಕೋಶ.

ಗೂಗಲ್ ಸ್ಕಾಲರ್ ಎಲ್ಲರ ಮೊದಲ ಮೆಟ್ಟಿಲು, ಅದರಲ್ಲಿ ತಪ್ಪಿಲ್ಲ. ಅದರ ಮಿತಿ ಮಾತ್ರ ಗೊತ್ತಿರಬೇಕು. ಲಕ್ಷ ಫಲಿತಾಂಶ ಎಂದು ತೋರಿಸಿದರೂ ನೋಡಲು ಬಿಡುವುದು ಮೊದಲ 1,000 ಮಾತ್ರ. ಒಳ್ಳೆಯ ಜರ್ನಲ್ಲೂ ದುಡ್ಡಿಗೆ ಅಚ್ಚು ಹಾಕುವ ಜರ್ನಲ್ಲೂ ಅಲ್ಲಿ ಪಕ್ಕಪಕ್ಕದಲ್ಲೇ ಕೂತಿರುತ್ತವೆ.

ಲಾಗಿನ್ ಇಲ್ಲದವರು ಪ್ರಬಂಧ ಪಡೆಯುವುದು ಹೇಗೆ

ಸೈ-ಹಬ್ 2011ರಲ್ಲಿ ಕಜಕಸ್ತಾನದ ಅಲೆಕ್ಸಾಂಡ್ರಾ ಎಲ್ಬಾಕ್ಯಾನ್ ಶುರು ಮಾಡಿದ ತಾಣ. 2020ರಲ್ಲಿ ಎಲ್ಸೆವಿಯರ್, ವೈಲಿ ಮತ್ತು ಅಮೆರಿಕನ್ ಕೆಮಿಕಲ್ ಸೊಸೈಟಿ ದೆಹಲಿ ಹೈಕೋರ್ಟಿಗೆ ಹೋದವು, 2025ರಲ್ಲಿ ತಡೆಯ ಆದೇಶ ಬಂತು. ಬಡ ದೇಶಗಳ ವಿದ್ಯಾರ್ಥಿಗಳು ಅದನ್ನು ಏಕೆ ಬಳಸಿದರು ಎಂಬುದು ಬಳಸಿದವರೆಲ್ಲರಿಗೂ ಗೊತ್ತು. ಆ ಕೊರತೆ ನಿಜವಾದದ್ದು. ಆದರೆ ಕಾನೂನಿನ ಒಳಗಿರುವ ದಾರಿಗಳು ಹತ್ತು ವರ್ಷದ ಹಿಂದಿಗಿಂತ ಈಗ ಬಹಳ ಹೆಚ್ಚಿವೆ, ಅವನ್ನು ಒಂದು ಕ್ರಮದಲ್ಲಿ ಪ್ರಯತ್ನಿಸಿದರೆ ಬರಿಗೈಯಲ್ಲಿ ಮರಳುವುದು ಅಪರೂಪ.

ಬ್ರೌಸರಿಗೆ ‘ಅನ್‌ಪೇವಾಲ್’ ಎಂಬ ಉಚಿತ ಎಕ್ಸ್‌ಟೆನ್ಷನ್ ಹಾಕಿಕೊಳ್ಳಿ. ಪ್ರಬಂಧದ ಪುಟದಲ್ಲಿದ್ದಾಗ ಬದಿಯ ಬೀಗದ ಗುರುತು ಹಸಿರಾದರೆ ಅದರ ಮುಕ್ತ ಪ್ರತಿ ಎಲ್ಲೋ ಇದೆ ಎಂದರ್ಥ, ಒತ್ತಿದರೆ ಅಲ್ಲಿಗೆ ಒಯ್ಯುತ್ತದೆ. ಆಗಲಿಲ್ಲವೆಂದರೆ ಗೂಗಲ್ ಸ್ಕಾಲರ್‌ನಲ್ಲಿ ಶೀರ್ಷಿಕೆ ಹುಡುಕಿ, ಕೆಳಗಿನ ‘ಆಲ್ ವರ್ಷನ್ಸ್’ ತೆರೆಯಿರಿ. ಲೇಖಕರ ವಿಶ್ವವಿದ್ಯಾಲಯದ ಭಂಡಾರದಲ್ಲಿ ಪಿಡಿಎಫ್ ಇದ್ದರೆ ಇಲ್ಲಿ ಕಾಣುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ‘ಇ-ಪ್ರಿಂಟ್ಸ್’ 2002ರಿಂದಲೇ ಇಂಥ ಭಂಡಾರ ನಡೆಸುತ್ತಿದೆ. ಜೀವವಿಜ್ಞಾನ, ವೈದ್ಯಕೀಯಕ್ಕೆ ಪಬ್‌ಮೆಡ್ ಸೆಂಟ್ರಲ್ ಮತ್ತು ಯುರೋಪ್ ಪಿಎಂಸಿ ನೋಡಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ (ಎನ್‌ಐಎಚ್) ಅನುದಾನದ ಕೆಲಸಕ್ಕೆ ಇದ್ದ ಹನ್ನೆರಡು ತಿಂಗಳ ಕಾಯುವಿಕೆ 2025ರ ಜುಲೈ 1ರಿಂದ ತೆಗೆದುಹಾಕಿರುವುದರಿಂದ ಅಲ್ಲಿ ಹೊಸ ಪ್ರಬಂಧಗಳೂ ಬೇಗ ಸೇರುತ್ತವೆ.

ಇದ್ಯಾವುದೂ ಆಗದಿದ್ದರೆ ಲೇಖಕರಿಗೇ ಬರೆಯಿರಿ. ನಕ್ಷತ್ರ ಚಿಹ್ನೆ ಅಥವಾ ಲಕೋಟೆ ಗುರುತಿನ ಲೇಖಕರ ಇಮೇಲ್ ಸಾರಾಂಶದ ಪುಟದಲ್ಲೇ ಇರುತ್ತದೆ. ನಾಲ್ಕು ಸಾಲು ಸಾಕು: ನೀವು ಯಾರು, ಯಾವ ಪ್ರಬಂಧ, ಅದರ ಡಿಒಐ ಸಂಖ್ಯೆ (ಪ್ರಬಂಧದ ಶಾಶ್ವತ ಗುರುತು), ಯಾವ ಕೆಲಸಕ್ಕೆ ಬೇಕು. ಸಂಕೋಚ ಬೇಡ, ತಮ್ಮ ಕೆಲಸವನ್ನು ಓದಲು ಕೇಳಿದವರನ್ನು ಲೇಖಕರು ಸಾಮಾನ್ಯವಾಗಿ ಸಂತೋಷದಿಂದಲೇ ಕಾಣುತ್ತಾರೆ.

ನಮ್ಮ ಬೆಂಗಳೂರಿನದೇ ಒಂದು ಉದಾಹರಣೆ ಹೇಳಬೇಕು. 1934ರಲ್ಲಿ ಸಿ.ವಿ. ರಾಮನ್ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ ‘ಪ್ರಮಾಣ’, ‘ಸಾಧನಾ’, ‘ಜರ್ನಲ್ ಆಫ್ ಬಯೊಸೈನ್ಸಸ್’, ‘ಬುಲೆಟಿನ್ ಆಫ್ ಮೆಟೀರಿಯಲ್ಸ್ ಸೈನ್ಸ್’ ಮುಂತಾದವನ್ನು ಪ್ರಕಟಿಸುತ್ತದೆ. ಇವನ್ನು ಸ್ಪ್ರಿಂಗರ್ ಸಹ ತನ್ನ ತಾಣದಲ್ಲಿ ಹಾಕುತ್ತದೆ, ಅಲ್ಲಿ ಹಣ ಕೇಳುತ್ತದೆ. ಅದೇ ಪ್ರಬಂಧದ ಪಿಡಿಎಫ್ ಅಕಾಡೆಮಿಯ ಸ್ವಂತ ತಾಣದಲ್ಲಿ ಉಚಿತ. ಹುಡುಕಾಟದ ಯಂತ್ರ ಸ್ಪ್ರಿಂಗರ್ ಕೊಂಡಿಯನ್ನು ಮೊದಲು ತೋರಿಸುವುದರಿಂದ ವಿದ್ಯಾರ್ಥಿಗಳು ಗೋಡೆ ಕಂಡು ಮರಳುತ್ತಾರೆ. ಬಿಎಸ್ಸಿ ಓದುವವರಿಗಂತೂ ಅಕಾಡೆಮಿ 1996ರಿಂದ ತರುತ್ತಿರುವ ‘ರೆಸೊನೆನ್ಸ್’ ಮಾಸಪತ್ರಿಕೆ ಇದೆ. ಸಂಶೋಧನಾ ಪ್ರಬಂಧ ಓದುವ ಮೊದಲು ಹತ್ತು ‘ರೆಸೊನೆನ್ಸ್’ ಲೇಖನ ಓದಿದವರಿಗೆ ದಾರಿ ಸಲೀಸು.

ಜರಡಿ ಹಿಡಿಯುವುದು

ಯುಜಿಸಿಯ ಪಟ್ಟಿಗಳ ಕತೆ ತಿಳಿದರೆ ಅವು ಏಕೆ ನಿಲ್ಲಲಿಲ್ಲ ಎಂಬುದು ಅರ್ಥವಾಗುತ್ತದೆ. 2017ರಲ್ಲಿ ಬಂದ ‘ಅನುಮೋದಿತ ಜರ್ನಲ್’ ಪಟ್ಟಿಯಲ್ಲಿ ವಿಶ್ವವಿದ್ಯಾಲಯಗಳು ಕಳಿಸಿದ ಹೆಸರುಗಳೂ ಸೇರಿಕೊಂಡವು. ಅವುಗಳಲ್ಲಿ 1,009 ಜರ್ನಲ್‌ಗಳನ್ನು ಪರಿಶೀಲಿಸಿದ ವಿಶ್ಲೇಷಣೆಯೊಂದು 2018ರಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ನಲ್ಲಿ ಪ್ರಕಟವಾಯಿತು. ಶೇ 88ಕ್ಕಿಂತ ಹೆಚ್ಚಿನವು ಕಳಪೆ ಎಂದು ಅದು ತೋರಿಸಿತು. ಅದೇ ವರ್ಷ ಮೇ ತಿಂಗಳಲ್ಲಿ ಯುಜಿಸಿ 4,305 ಹೆಸರುಗಳನ್ನು ಕಿತ್ತುಹಾಕಿತು. ಆಮೇಲೆ ಬಂದದ್ದು ಕೇರ್ ಪಟ್ಟಿ. ಈಗ ಅದೂ ಹೋಗಿ, ಸಂಸ್ಥೆಗಳೇ ನಿರ್ಧರಿಸಲಿ ಎಂದು ಸಲಹಾ ಮಾನದಂಡಗಳು ಬಂದಿವೆ. ಪಟ್ಟಿ ಒಂದು ನೆಮ್ಮದಿ ಕೊಡುತ್ತಿತ್ತು ನಿಜ, ಆದರೆ ಪಟ್ಟಿಯಲ್ಲಿದೆ ಎಂದ ಕೂಡಲೇ ಓದಿ ನೋಡುವ ಕೆಲಸವನ್ನು ನಾವೇ ಬಿಟ್ಟುಬಿಡುತ್ತಿದ್ದೆವು.

ಪಿಎಚ್‌ಡಿ ಸಲ್ಲಿಸಲು ಪ್ರಕಟಣೆ ಕಡ್ಡಾಯ ಎಂಬ ನಿಯಮವನ್ನು ಯುಜಿಸಿ 2022ರ ನವೆಂಬರ್‌ನಲ್ಲೇ ತೆಗೆದಿದೆ. ನಿಮ್ಮ ವಿಶ್ವವಿದ್ಯಾಲಯದ ನಿಯಮಾವಳಿ ಏನು ಹೇಳುತ್ತದೆ ಎಂದು ಮೂಲ ಕಾಗದದಲ್ಲೇ ನೋಡಿಕೊಳ್ಳಿ. ಇಲ್ಲದ ನಿಯಮಕ್ಕೆ ಹೆದರಿ ದುಡ್ಡು ಕೊಟ್ಟು ಅಚ್ಚು ಹಾಕಿಸುವುದು ದುಃಖದ ಸಂಗತಿ.

ಜರ್ನಲ್ಲೊಂದರಿಂದ ‘ಗೌರವಾನ್ವಿತ ವಿಜ್ಞಾನಿಗಳೇ’ ಎಂದು ಆಹ್ವಾನದ ಇಮೇಲ್ ಬಂತು ಎಂದುಕೊಳ್ಳಿ. ಹತ್ತು ನಿಮಿಷದ ತಪಾಸಣೆ ಹೀಗಿರಲಿ. ‘ಇಂಪ್ಯಾಕ್ಟ್ ಫ್ಯಾಕ್ಟರ್ 7.853’ ಎಂದಿದ್ದರೆ ಅಲ್ಲೇ ನಿಲ್ಲಿ. ಜರ್ನಲ್ಲಿನ ಪ್ರಬಂಧಗಳು ಸರಾಸರಿ ಎಷ್ಟು ಸಲ ಉಲ್ಲೇಖವಾಗುತ್ತವೆ ಎಂಬುದರ ಅಳತೆ ಇದು. ನಿಜವಾದ ಇಂಪ್ಯಾಕ್ಟ್ ಫ್ಯಾಕ್ಟರ್ ಕೊಡುವುದು ಕ್ಲಾರಿವೇಟ್ ಸಂಸ್ಥೆಯ ವಾರ್ಷಿಕ ವರದಿ ಮಾತ್ರ, 2023ರಿಂದ ಅದು ದಶಮಾಂಶದ ನಂತರ ಒಂದೇ ಅಂಕಿ ತೋರಿಸುತ್ತದೆ. ಐಎಸ್‌ಎಸ್‌ಎನ್ ಸಂಖ್ಯೆ ಇದೆ ಎಂಬುದು ಗುಣಮಟ್ಟದ ಮುದ್ರೆಯಲ್ಲ, ಅದು ವಾಹನದ ನೋಂದಣಿ ಸಂಖ್ಯೆಯಂತೆ ಯಾರಿಗಾದರೂ ಸಿಗುತ್ತದೆ. ಸ್ಕೋಪಸ್‌ನಲ್ಲಿದೆ ಎಂದರೆ ಅದರ ‘ಸೋರ್ಸಸ್’ ಪುಟದಲ್ಲಿ ಐಎಸ್‌ಎಸ್‌ಎನ್ ಹಾಕಿ ನೋಡಿ, ಇದಕ್ಕೆ ಚಂದಾ ಬೇಡ. ಯಾವ ವರ್ಷದವರೆಗೆ ಒಳಗೊಂಡಿದೆ ಎಂದು ಓದಿ, ಎಷ್ಟೋ ಜರ್ನಲ್‌ಗಳು ಕೈಬಿಟ್ಟ ಮೇಲೂ ಹಳೆಯ ಹೆಸರು ಹೇಳಿಕೊಂಡು ಓಡುತ್ತಿರುತ್ತವೆ. ಓಪನ್ ಆಕ್ಸೆಸ್ (ಯಾರು ಬೇಕಾದರೂ ಉಚಿತವಾಗಿ ಓದಬಹುದು) ಎಂದು ಹೇಳಿಕೊಂಡರೆ ಅಂಥ ಜರ್ನಲ್‌ಗಳ ಡಿಒಎಜೆ ಪಟ್ಟಿಯಲ್ಲಿದೆಯೇ ನೋಡಿ. ಹಳೆಯ ಸಂಚಿಕೆಯ ಎರಡು ಪ್ರಬಂಧಗಳ ಡಿಒಐ ತೆಗೆದು ಡಿಒಐ ತಾಣದಲ್ಲಿ ಹಾಕಿ. 10ರಿಂದ ಶುರುವಾಗದಿದ್ದರೆ, ಅಥವಾ ಎಲ್ಲಿಗೂ ಹೋಗದಿದ್ದರೆ ಅದು ಬರೀ ಅಲಂಕಾರ. ಮೂರು ದಿನದಲ್ಲಿ ತಜ್ಞರ ವಿಮರ್ಶೆ ಮುಗಿಸುತ್ತೇವೆ ಎಂಬ ಮಾತಿಗೆ ಬೇರೆ ಪುರಾವೆ ಬೇಕಿಲ್ಲ.

ಇನ್ನೂ ಕೆಟ್ಟದ್ದು ಕದ್ದ ಹೆಸರಿನ ತಾಣಗಳು. ನಿಜವಾದ ಜರ್ನಲ್ಲಿನ ಹೆಸರು, ಐಎಸ್‌ಎಸ್‌ಎನ್ ಎರಡನ್ನೂ ಎತ್ತಿಕೊಂಡು ಬೇರೆ ವಿಳಾಸದಲ್ಲಿ ಅಂಗಡಿ ಇಡುತ್ತಾರೆ. ಸೂಚಿಯಲ್ಲಿ ಹೆಸರು ಸಿಗುತ್ತದೆ, ಹಣ ಹೋಗುವುದು ಕಳ್ಳನಿಗೆ. ‘ರಿಟ್ರ್ಯಾಕ್ಷನ್ ವಾಚ್’ ಇಂಥ ತಾಣಗಳ ಪಟ್ಟಿಯನ್ನು ಉಚಿತವಾಗಿ ಇಟ್ಟಿದೆ, ಹಣ ಕಳಿಸುವ ಮೊದಲು ಅದನ್ನು ನೋಡಲೇಬೇಕು.

ದೊಡ್ಡ ಹೆಸರಿದ್ದ ಮಾತ್ರಕ್ಕೆ ಸುರಕ್ಷಿತ ಎನ್ನಲಾಗದು. 2020ರ ಮೇ 22ರಂದು ‘ಲ್ಯಾನ್ಸೆಟ್’ನಲ್ಲಿ ಬಂದ ಹೈಡ್ರಾಕ್ಸಿಕ್ಲೋರೊಕ್ವಿನ್ ಪ್ರಬಂಧವನ್ನು ಜೂನ್ 4ರಂದು ಹಿಂಪಡೆದರು, ಮೂಲ ದತ್ತಾಂಶ ಯಾರಿಗೂ ಪರಿಶೀಲಿಸಲು ಸಿಗಲಿಲ್ಲವೆಂದು. ವೈಲಿ 2021ರಲ್ಲಿ ಕೊಂಡ ‘ಹಿಂದಾವಿ’ಯ ಜರ್ನಲ್‌ಗಳಿಂದ 2023 ಒಂದರಲ್ಲೇ 8,000ಕ್ಕೂ ಹೆಚ್ಚು ಪ್ರಬಂಧಗಳು ಹಿಂಪಡೆಯಲ್ಪಟ್ಟವು. ಹಿಂಪಡೆದ ಪ್ರಬಂಧದ ಹಳೆಯ ಪಿಡಿಎಫ್ ನಿಮ್ಮ ಕಂಪ್ಯೂಟರಿನಲ್ಲಿ ಏನೂ ಆಗದಂತೆ ಕೂತಿರುತ್ತದೆ. ಆದ್ದರಿಂದ ಉಲ್ಲೇಖಗಳನ್ನು ಉಚಿತವಾದ ‘ಝೊಟೆರೊ’ ತಂತ್ರಾಂಶದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು, ಯಾವುದಾದರೂ ಹಿಂಪಡೆಯಲ್ಪಟ್ಟರೆ ಅದೇ ಕೆಂಪು ಗುರುತು ಹಾಕಿ ಎಚ್ಚರಿಸುತ್ತದೆ. ಪ್ರಿಪ್ರಿಂಟ್‌ಗಳಿಗೆ, ಅಂದರೆ ತಜ್ಞರ ವಿಮರ್ಶೆಗೆ ಮೊದಲೇ ಹಾಕಿದ ಪ್ರಬಂಧಗಳಿಗೆ, ಈ ಎಚ್ಚರ ಇಮ್ಮಡಿ ಬೇಕು. ಕೊರೊನಾ ವೈರಸ್‌ನಲ್ಲಿ ಎಚ್‌ಐವಿಯನ್ನು ಹೋಲುವ ತುಣುಕುಗಳಿವೆ ಎಂದ ಪ್ರಿಪ್ರಿಂಟ್ 2020ರ ಜನವರಿ ಕೊನೆಯಲ್ಲಿ ಬಂದು ಕೆಲವೇ ದಿನಗಳಲ್ಲಿ ವಾಪಸಾಯಿತು, ಆದರೆ ಅಷ್ಟರೊಳಗೆ ಲೋಕವೆಲ್ಲ ಹರಡಿತ್ತು.

ಎಐ ಚಾಟ್‌ಬಾಟ್ ಕೊಟ್ಟ ಉಲ್ಲೇಖ ಪಟ್ಟಿಯನ್ನು ಹಾಗೇ ಅಂಟಿಸುವವರಿಗೂ ಡಿಒಐ ಪರೀಕ್ಷೆಯೇ ಮದ್ದು. ಲೇಖಕರು ನಿಜ, ಜರ್ನಲ್ ನಿಜ, ವರ್ಷವೂ ನಂಬುವಂತಿದೆ, ಪ್ರಬಂಧ ಮಾತ್ರ ಎಂದೂ ಬರೆದಿದ್ದಲ್ಲ ಎಂಬುದು ಮೇಲಿಂದ ಮೇಲೆ ಆಗುತ್ತಿದೆ. ಒಂದೊಂದನ್ನೂ ತೆರೆದು, ಸಾರಾಂಶವನ್ನಾದರೂ ಓದಿ, ಆಮೇಲೆ ಪಟ್ಟಿಗೆ ಸೇರಿಸಬೇಕು.

2027ರ ಡಿಸೆಂಬರ್

ಈ ಚಂದಾಗೆ ಕೊನೆಯ ದಿನಾಂಕ ಇದೆ. ಮಂಜೂರಾದ ಹಣ 2027ರ ಕೊನೆಯವರೆಗೆ. ಯೋಜನೆಯ ಬಳಕೆಯನ್ನೂ ಈ ಸಂಸ್ಥೆಗಳ ಲೇಖಕರ ಪ್ರಕಟಣೆಗಳನ್ನೂ ಕಾಲಕಾಲಕ್ಕೆ ಪರಿಶೀಲಿಸುವ ಹೊಣೆ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ್ದು. ಲಾಗಿನ್ ಮಾಡಿ ತೆರೆದ ಪ್ರಬಂಧ ಆ ಲೆಕ್ಕಕ್ಕೆ ಸೇರುತ್ತದೆ. ಸ್ನೇಹಿತರಿಂದ ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಂಡ ಪಿಡಿಎಫ್ ಸೇರುವುದಿಲ್ಲ. ಸಣ್ಣ ಊರುಗಳ ಕಾಲೇಜುಗಳು ಬಳಸಿಯೇ ಇಲ್ಲ ಎಂದು ಅಂಕಿಅಂಶ ಹೇಳಿದರೆ, ‘ಅವರಿಗೆ ಇದು ಬೇಕಿಲ್ಲ’ ಎಂದು ಓದುವುದು ದೆಹಲಿಯಲ್ಲಿ ಕೂತವರಿಗೆ ಬಹಳ ಸುಲಭ.

ಹಾಗಾಗಿ ಈ ವಾರ ಗ್ರಂಥಾಲಯಕ್ಕೆ ಹೋಗಿ ಮೂರು ಪ್ರಶ್ನೆ ಕೇಳಿ: ನಮ್ಮ ನೋಡಲ್ ಅಧಿಕಾರಿ ಯಾರು, ಲ್ಯಾಬ್ ಮತ್ತು ಹಾಸ್ಟೆಲ್ ಎರಡರ ಐಪಿ ವಿಳಾಸವೂ ನೋಂದಣಿಯಾಗಿದೆಯೇ, ನನ್ನ ಇನ್‌ಫೆಡ್ ಖಾತೆ ಯಾವಾಗ ಸಿಗುತ್ತದೆ. ಖಾಸಗಿ ಕಾಲೇಜಿನವರು ಪ್ರಾಂಶುಪಾಲರ ಮೂಲಕ ಕೇಂದ್ರ ಸರ್ಕಾರವನ್ನು ಬರವಣಿಗೆಯಲ್ಲಿ ಕೇಳಬೇಕಾದ್ದು ಇನ್ನೊಂದು: 2027ರ ನಂತರ ಯೋಜನೆ ಮುಂದುವರಿದರೆ ನಮ್ಮನ್ನು ಸೇರಿಸಿಕೊಳ್ಳುತ್ತೀರಾ, ಅದಕ್ಕೆ ನಾವು ಕಟ್ಟಬೇಕಾದ ಪಾಲು ಎಷ್ಟು?